ನಿವೇಶನದಷ್ಟೇ ದೊಡ್ಡ ದೋಷ: ಡಿಜಿಟಲ್ ನಕ್ಷೆಯ ಲೆಕ್ಕಕ್ಕೆ ಹೊಣೆ ಯಾರು?

ಬೆಂಗಳೂರು: ನಗರಗಳ ಆಸ್ತಿಯನ್ನು ಆಕಾಶದಿಂದ ಚಿತ್ರೀಕರಿಸಿ ಡಿಜಿಟಲ್ ನಕ್ಷೆ ರೂಪಿಸುವ ಕೇಂದ್ರ ಸರ್ಕಾರದ ‘ನಕ್ಷಾ’ ಕಾರ್ಯಕ್ರಮಕ್ಕೆ 2025ರ ಫೆಬ್ರುವರಿ 18ರಂದು ಮಧ್ಯಪ್ರದೇಶದ ರಾಯಸೇನ್‌ನಲ್ಲಿ ಚಾಲನೆ ದೊರೆಯಿತು. ಮೊದಲ ಹಂತಕ್ಕೆ ದೇಶದ 152 ನಗರ ಸ್ಥಳೀಯ ಸಂಸ್ಥೆಗಳು ಆಯ್ಕೆಯಾಗಿದ್ದು, ಕರ್ನಾಟಕದ ಪಟ್ಟಣಗಳೂ ಆ ಪಟ್ಟಿಯಲ್ಲಿವೆ. ಇದಕ್ಕೂ ಮೊದಲು, 2020ರ ಏಪ್ರಿಲ್ 24ರಂದು ಗ್ರಾಮೀಣ ವಸತಿ ಪ್ರದೇಶಗಳಿಗಾಗಿ ಆರಂಭವಾದ ‘ಸ್ವಾಮಿತ್ವ’ ಯೋಜನೆಯ ಪ್ರಾಯೋಗಿಕ ಹಂತದಲ್ಲಿಯೂ ರಾಜ್ಯ ಸೇರಿತ್ತು.

ಈ ಯೋಜನೆಗಳ ಮಾತು ಬಂದಾಗಲೆಲ್ಲ ಚರ್ಚೆಯಾಗುವುದು ಡ್ರೋನ್‌ಗಳ ಬಗ್ಗೆ, ಕ್ಯಾಮೆರಾಗಳ ಬಗ್ಗೆ, ಹಕ್ಕುಪತ್ರಗಳ ಬಗ್ಗೆ. ಆದರೆ ಹೊಸದಾಗಿ ಅಳೆದ ನಕ್ಷೆಯನ್ನು ದಶಕಗಳಷ್ಟು ಹಳೆಯ ನಕ್ಷೆಯ ಮೇಲೆ ಹೊಂದಿಸುವ ಕೆಲಸವೊಂದು ನಡುವೆ ಇದೆ. ಆ ಕೆಲಸವನ್ನು ಮಾಡುವುದು ನಿರ್ದೇಶಾಂಕ ಪರಿವರ್ತನೆಯ ತಂತ್ರಾಂಶ. ಅದನ್ನು ನಡೆಸುವುದು ಪೈಥಾನ್ ಭಾಷೆಯಲ್ಲಿ ಬರೆದ ಹತ್ತಿಪ್ಪತ್ತು ಸಾಲುಗಳ ಆದೇಶ. ಲಕ್ಷಾಂತರ ಗಡಿಬಿಂದುಗಳು ನಿಮಿಷಗಳಲ್ಲಿ ಹಳೆಯ ಲೆಕ್ಕದಿಂದ ಹೊಸ ಲೆಕ್ಕಕ್ಕೆ ಜಾರುತ್ತವೆ. ಆ ಸಾಲುಗಳನ್ನು ಬರೆದವರು ಯಾವ ಸೂತ್ರವನ್ನು ಆರಿಸಿದರು, ಅದರಲ್ಲಿ ಎಷ್ಟು ದೋಷವಿದೆ ಎಂಬುದು ಮಾತ್ರ ನಕ್ಷೆಯ ಮೇಲೆ ಸಾಮಾನ್ಯವಾಗಿ ಕಾಣಿಸುವುದಿಲ್ಲ. ನೆಲದ ಬೆಲೆಯನ್ನು ಚದರಡಿಯಲ್ಲಿ ಲೆಕ್ಕಹಾಕುವ ನಗರವಾಸಿಗೆ ಇದು ಕೇವಲ ತಾಂತ್ರಿಕ ವಿಷಯವಲ್ಲ.

ಒಂದೇ ಸ್ಥಳ, ಎರಡು ವಿಳಾಸ

ಅಕ್ಷಾಂಶ, ರೇಖಾಂಶ ಎಂದರೆ ಭೂಮಿಯ ಮೇಲೆ ಶಾಶ್ವತವಾಗಿ ಕೆತ್ತಿದ ಗುರುತು ಎಂಬುದು ಶಾಲೆಯಲ್ಲಿ ಮೂಡುವ ಭಾವನೆ. ವಾಸ್ತವ ಹಾಗಿಲ್ಲ. ಭೂಮಿ ಪೂರ್ಣ ಗೋಳವಲ್ಲ. ಧ್ರುವಗಳಲ್ಲಿ ತುಸು ಚಪ್ಪಟೆಯಾದ ಅದರ ಆಕಾರವನ್ನು ಒಂದು ಗಣಿತದ ಮಾದರಿಯಾಗಿ ಕಲ್ಪಿಸಿಕೊಂಡು, ಆ ಮಾದರಿಯ ಮೇಲೆ ಅಕ್ಷಾಂಶ ರೇಖಾಂಶಗಳನ್ನು ಎಣಿಸಲಾಗುತ್ತದೆ. ಮಾದರಿ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.

ಭಾರತದ ಹಳೆಯ ಮಾದರಿಯ ಬೇರು ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯಲ್ಲಿದೆ. ಮೈಸೂರು ಸೀಮೆಯ ಅಳತೆಗೆಂದು 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದ ವಿಲಿಯಂ ಲ್ಯಾಂಬ್ಟನ್, 1802ರ ಏಪ್ರಿಲ್ 10ರಂದು ಮದರಾಸಿನಲ್ಲಿ ಮಹಾ ಸರ್ವೇಕ್ಷಣೆಯ ಆಧಾರರೇಖೆಯ ಅಳತೆಗೆ ತೊಡಗಿದರು. ಅವರ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ 1830ರಲ್ಲಿ ನೀಡಿದ ಭೂಮಿಯ ಆಕಾರದ ಲೆಕ್ಕವೇ ಮುಂದೆ ದೇಶದ ನಕ್ಷೆಗಳಿಗೆ ತಳಹದಿಯಾಯಿತು. ಎವರೆಸ್ಟ್ ಮಾದರಿಯಲ್ಲಿ ಸಮಭಾಜಕದ ತ್ರಿಜ್ಯ ಸುಮಾರು 63,77,276 ಮೀಟರ್. ಇಂದು ಜಿಪಿಎಸ್ ಬಳಸುವ ‘ಡಬ್ಲ್ಯುಜಿಎಸ್ 84’ ಮಾದರಿಯಲ್ಲಿ ಅದು 63,78,137 ಮೀಟರ್. ವ್ಯತ್ಯಾಸ 861 ಮೀಟರ್. ಎರಡು ಮಾದರಿಗಳ ಕೇಂದ್ರಬಿಂದುಗಳೂ ಒಂದೇ ಕಡೆ ಇಲ್ಲ. ಪರಿಣಾಮವಾಗಿ ವಿಧಾನಸೌಧಕ್ಕೂ ಎರಡು ವಿಳಾಸ: ಹಳೆಯ ಮಾದರಿಯ ಅಕ್ಷಾಂಶ ರೇಖಾಂಶಗಳನ್ನು ಹಾಗೆಯೇ ಜಿಪಿಎಸ್ ನಕ್ಷೆಯ ಮೇಲೆ ಗುರುತಿಸಿದರೆ, ಬೆಂಗಳೂರಿನ ಆಸುಪಾಸಿನಲ್ಲಿ ಬಿಂದು ಸುಮಾರು 200 ಮೀಟರ್ ದೂರಕ್ಕೆ ಸರಿದಿರುತ್ತದೆ.

2005ರ ರಾಷ್ಟ್ರೀಯ ನಕ್ಷಾ ನೀತಿಯು ಸಾರ್ವಜನಿಕ ಬಳಕೆಯ ನಕ್ಷೆಗಳು ಡಬ್ಲ್ಯುಜಿಎಸ್ 84 ಮಾದರಿಯಲ್ಲಿರಬೇಕೆಂದು ಗೊತ್ತುಪಡಿಸಿತು. ಆದರೆ ಅದಕ್ಕೂ ಹಿಂದಿನ ಸ್ಥಳಾಕೃತಿ ನಕ್ಷೆಗಳು, ಜಲಾಶಯ ಮತ್ತು ಅರಣ್ಯ ಗಡಿಯ ಹಳೆಯ ಕಡತಗಳು ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಅವುಗಳನ್ನು ಇಂದಿನ ಉಪಗ್ರಹ ಚಿತ್ರದ ಜತೆ ಹೊಂದಿಸುವ ಪ್ರತಿಯೊಬ್ಬರೂ ಪರಿವರ್ತನೆಯ ಹೊಳೆಯನ್ನು ದಾಟಲೇಬೇಕು.

ತೆರೆಮರೆಯ ತಂತ್ರಾಂಶ

ಈ ಹೊಳೆಗೆ ಸೇತುವೆಯಾಗಿರುವುದು ‘ಪ್ರಾಜ್’ ಎಂಬ ಮುಕ್ತ ತಂತ್ರಾಂಶ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿದ್ದ ಜೆರಾಲ್ಡ್ ಎವೆಂಡೆನ್ 1980ರ ದಶಕದ ಆರಂಭದಲ್ಲಿ ಇದನ್ನು ರಚಿಸಿದರು. ದುಂಡನೆಯ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಮೂಡಿಸುವ ಲೆಕ್ಕಕ್ಕಷ್ಟೇ ಹುಟ್ಟಿಕೊಂಡ ಇದು, 2018ರ ಐದನೇ ಆವೃತ್ತಿಯಿಂದ ಹಲವು ಹಂತದ ಪರಿವರ್ತನೆಗಳನ್ನು ಸರಪಳಿಯಂತೆ ಜೋಡಿಸುವ ಸಾಮರ್ಥ್ಯ ಪಡೆಯಿತು. 2019ರ ಆರನೇ ಆವೃತ್ತಿಯಲ್ಲಿ ಜಗತ್ತಿನ ಸಾವಿರಾರು ನಿರ್ದೇಶಾಂಕ ಪದ್ಧತಿಗಳು ಮತ್ತು ಅವುಗಳ ನಡುವಿನ ಪರಿವರ್ತನಾ ಸೂತ್ರಗಳು ಒಂದು ದತ್ತಸಂಚಯದಲ್ಲಿ ಸೇರಿದವು. ‘ಕ್ಯೂಜಿಐಎಸ್’ನಂತಹ ಜನಪ್ರಿಯ ನಕ್ಷಾ ತಂತ್ರಾಂಶಗಳ ಒಳಗೆ ದುಡಿಯುವುದು ಇದೇ ಪ್ರಾಜ್. ಹೆಸರು ಕೇಳದವರೂ ಅದನ್ನು ಬಳಸುತ್ತಿರುತ್ತಾರೆ.

ಪ್ರಾಜ್‌ಗೆ ಪೈಥಾನ್ ಭಾಷೆಯಿಂದ ಆದೇಶ ಕೊಡಲು ‘ಪೈಪ್ರಾಜ್’ ಎಂಬ ಕೊಂಡಿ ಇದೆ. ನೂರು ಬಿಂದುಗಳನ್ನು ಪರದೆಯ ಮೇಲೆ ಒಂದೊಂದಾಗಿ ಪರಿವರ್ತಿಸಬಹುದು. ಹತ್ತು ಲಕ್ಷ ಬಿಂದುಗಳನ್ನಲ್ಲ. ಪೈಥಾನ್‌ನಲ್ಲಿ ಪರಿವರ್ತಕವನ್ನು ಒಮ್ಮೆ ಸಿದ್ಧಪಡಿಸಿ, ಕಡತದ ಎಲ್ಲ ಬಿಂದುಗಳನ್ನೂ ಒಟ್ಟಿಗೆ ಅದರ ಮೂಲಕ ಹಾಯಿಸಿದರೆ ಕೆಲಸ ಮುಗಿಯಿತು. ಇಲಾಖೆಯ ಬಳಿ ಸ್ಥಳೀಯವಾಗಿ ಅಳೆದು ತೆಗೆದ ಸ್ವಂತ ಸೂತ್ರವಿದ್ದರೆ ಅದನ್ನೂ ಸರಪಳಿಗೆ ಸೇರಿಸಬಹುದು. ಈ ಕಾರಣದಿಂದಲೇ ನಕ್ಷೆಯ ಕೆಲಸ ಮಾಡುವ ಕಚೇರಿಗಳಲ್ಲಿ ಪೈಥಾನ್ ಬಲ್ಲವರಿಗೆ ಬೇಡಿಕೆ ಇದೆ. ಆದರೆ ಭೂಮಾಪನ ಬಲ್ಲವರಿಗೆ ಪೈಥಾನ್ ಬಾರದು, ಪೈಥಾನ್ ಬಲ್ಲವರಿಗೆ ಭೂಮಾಪನ ತಿಳಿಯದು ಎಂಬ ಪರಿಸ್ಥಿತಿ ಇದ್ದಲ್ಲಿ ಸಮಸ್ಯೆ ಆರಂಭವಾಗುತ್ತದೆ.

ಮೂರು ಸಂಖ್ಯೆಗಳ ಮರ್ಮ

ಎವರೆಸ್ಟ್ ಮಾದರಿಯಿಂದ ಡಬ್ಲ್ಯುಜಿಎಸ್ 84ಕ್ಕೆ ಬರಲು ಜಾಗತಿಕವಾಗಿ ಪ್ರಚಲಿತವಿರುವ ಸರಳ ಸೂತ್ರದಲ್ಲಿ ಮೂರೇ ಸಂಖ್ಯೆಗಳಿವೆ: 295, 736 ಮತ್ತು 257. ಹಳೆಯ ಮಾದರಿಯ ಕೇಂದ್ರವನ್ನು ಮೂರು ದಿಕ್ಕುಗಳಲ್ಲಿ ಇಷ್ಟಿಷ್ಟು ಮೀಟರ್ ಸರಿಸಬೇಕು ಎಂಬುದು ಇದರ ಅರ್ಥ. ಅಮೆರಿಕದ ರಕ್ಷಣಾ ನಕ್ಷಾ ಸಂಸ್ಥೆ ಭಾರತ ಮತ್ತು ನೇಪಾಳಕ್ಕೆ ಒಟ್ಟಾಗಿ ನೀಡಿದ ಸರಾಸರಿ ಇದು. ಹಿಮಾಲಯದ ತಪ್ಪಲಿಗೂ ಕೋಲಾರದ ಬಯಲಿಗೂ ಒಂದೇ ಸಂಖ್ಯೆ.

ಸಂಖ್ಯೆಗಳನ್ನು ಕೊಟ್ಟವರು ಅವುಗಳ ಅನಿಶ್ಚಿತತೆಯನ್ನೂ ಪ್ರಾಮಾಣಿಕವಾಗಿ ಹೇಳಿದ್ದಾರೆ: ಮೂರು ದಿಕ್ಕುಗಳಲ್ಲಿ ಕ್ರಮವಾಗಿ 12, 10 ಮತ್ತು 15 ಮೀಟರ್. ಗಮನಿಸಬೇಕಾದ ಅಂಶ ಇದೇ. ಬೆಂಗಳೂರಿನ ‘ಥರ್ಟಿ ಫಾರ್ಟಿ’ ನಿವೇಶನದ ಅಗಲ 9.1 ಮೀಟರ್, ಉದ್ದ 12.2 ಮೀಟರ್. ನಮ್ಮ ಸರ್ವೆಯ ಮೂಲ ಅಳತೆಯಾದ ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಮೀಟರಿನಲ್ಲಿ ಒಂದು ಬದಿ 10 ಚಿಲ್ಲರೆ. ಅಂದರೆ ಸೂತ್ರದ ಘೋಷಿತ ದೋಷವೇ ಒಂದು ಗುಂಟೆಯಷ್ಟು, ಒಂದು ನಿವೇಶನದಷ್ಟು ದೊಡ್ಡದು. ರಾಜ್ಯಮಟ್ಟದ ನಕ್ಷೆಯಲ್ಲಿ ನದಿಯ ಹರಿವು ತೋರಿಸಲು ಇದು ಸಾಕು. ಎರಡು ಮನೆಗಳ ನಡುವಿನ ಗೋಡೆ ಯಾರದ್ದೆಂದು ತೀರ್ಮಾನಿಸಲು ಖಂಡಿತ ಸಾಲದು.

ತಂತ್ರಾಂಶ ಈ ಸಂಗತಿಯನ್ನು ಮುಚ್ಚಿಡುವುದಿಲ್ಲ ಎಂಬುದು ಗಮನಾರ್ಹ. ಪೈಪ್ರಾಜ್‌ನಲ್ಲಿ ಎರಡು ಪದ್ಧತಿಗಳ ನಡುವೆ ಲಭ್ಯವಿರುವ ಎಲ್ಲ ಸೂತ್ರಗಳ ಪಟ್ಟಿ ಕೇಳಬಹುದು. ಪ್ರತಿ ಸೂತ್ರದ ನಿಖರತೆ ಎಷ್ಟು ಮೀಟರ್, ಅದು ಯಾವ ಪ್ರದೇಶಕ್ಕೆ ಅನ್ವಯ ಎಂಬುದನ್ನೂ ಕೇಳಬಹುದು. ನಿಖರತೆ ಗೊತ್ತಿಲ್ಲದಿದ್ದರೆ ಅದು ಉತ್ತರವಾಗಿ ಮೈನಸ್ ಒಂದು ಎಂಬ ಸಂಖ್ಯೆ ಕೊಡುತ್ತದೆ. ಕೇಳದೇ ಹೋದರೆ ಮಾತ್ರ, ತನಗೆ ಸಿಕ್ಕ ಸೂತ್ರದಿಂದ ಲೆಕ್ಕ ಮಾಡಿ ದಶಾಂಶದ ನಂತರ ಹತ್ತಾರು ಅಂಕಿಗಳ ಉತ್ತರ ಮುಂದಿಡುತ್ತದೆ. ಸೂತ್ರವೇ ಸಿಗದಿದ್ದರೆ ಎರಡೂ ಮಾದರಿಗಳು ಒಂದೇ ಎಂದು ಭಾವಿಸಿ ಅಂದಾಜಿನ ಉತ್ತರ ಕೊಡುವ ಸಂದರ್ಭವೂ ಉಂಟು. ಆಗ ಮೊದಲು ಹೇಳಿದ 200 ಮೀಟರಿನ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ. ಅಂದಾಜು ಬೇಡ, ಅತ್ಯುತ್ತಮ ಸೂತ್ರ ಸಿಗದಿದ್ದರೆ ಕೆಲಸ ನಿಲ್ಲಿಸು ಎಂದು ಆದೇಶಿಸಲು ಅವಕಾಶವಿದೆ. ಅದಕ್ಕೆ ಬೇಕಾದದ್ದು ಒಂದೆರಡು ಪದ. ಆ ಪದ ಬರೆಯಬೇಕೆಂಬ ಅರಿವು ಬರೆಯುವವರಿಗಿರಬೇಕು.

ದಶಾಂಶದ ಅಂಕಿಗಳು ಹೆಚ್ಚಿದಷ್ಟೂ ನಿಖರತೆ ಹೆಚ್ಚು ಎಂಬ ಭ್ರಮೆ ಕಚೇರಿಗಳಲ್ಲಿ ಸುಲಭವಾಗಿ ಬೇರೂರುತ್ತದೆ. ಎಂಟು ದಶಾಂಶ ಸ್ಥಾನದ ಅಕ್ಷಾಂಶ ಎಂದರೆ ಕಾಗದದ ಮೇಲೆ ಮಿಲಿಮೀಟರಿನಷ್ಟು ಸೂಕ್ಷ್ಮ. ಅದರ ಹಿಂದಿನ ಸೂತ್ರ ಹತ್ತು ಮೀಟರ್ ತಪ್ಪಬಲ್ಲದಾದರೆ ಆ ಅಂಕಿಗಳೆಲ್ಲ ಅಲಂಕಾರ ಮಾತ್ರ.

ದೊಡ್ಡ ತಪ್ಪು ಕಾಣುತ್ತದೆ, ಚಿಕ್ಕದು ಉಳಿಯುತ್ತದೆ

ಪರಿವರ್ತನೆಯಲ್ಲಿ ದೊಡ್ಡ ತಪ್ಪುಗಳು ಅಷ್ಟು ಅಪಾಯಕಾರಿಯಲ್ಲ. ಅವು ತಕ್ಷಣ ಸಿಕ್ಕಿಬೀಳುತ್ತವೆ. ಅಕ್ಷಾಂಶ ಮೊದಲೋ ರೇಖಾಂಶ ಮೊದಲೋ ಎಂಬ ಗೊಂದಲ ಇದಕ್ಕೆ ಒಳ್ಳೆಯ ಉದಾಹರಣೆ. ಜಿಪಿಎಸ್ ಪದ್ಧತಿಯ ಅಧಿಕೃತ ವ್ಯಾಖ್ಯೆಯಲ್ಲಿ ಅಕ್ಷಾಂಶ ಮೊದಲು; ಅನೇಕ ತಂತ್ರಾಂಶಗಳ ರೂಢಿಯಲ್ಲಿ ರೇಖಾಂಶ ಮೊದಲು. ಪ್ರಾಜ್‌ನ ಆರನೇ ಆವೃತ್ತಿ ಅಧಿಕೃತ ಕ್ರಮವನ್ನೇ ಅನುಸರಿಸತೊಡಗಿದ ಮೇಲೆ ಹಳೆಯ ಪೈಥಾನ್ ಆದೇಶಗಳಲ್ಲಿ ಎಡವಟ್ಟುಗಳಾದವು. ಬೆಂಗಳೂರಿನ 12.97 ಮತ್ತು 77.59 ಎಂಬ ಅಂಕಿಗಳು ಅದಲುಬದಲಾದರೆ ನಗರ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಹಿಮಸಾಗರದಲ್ಲಿ ಮುಳುಗುತ್ತದೆ. ಇದನ್ನು ಕಂಡು ನಕ್ಕು ಸರಿಪಡಿಸಿಕೊಳ್ಳಬಹುದು.

ಕರ್ನಾಟಕದಲ್ಲಿ ಇನ್ನೊಂದು ಗುಂಡಿ ಇದೆ. ಮೀಟರ್ ಲೆಕ್ಕದ ನಕ್ಷೆಗಳಿಗಾಗಿ ಭೂಮಿಯನ್ನು ಆರಾರು ಡಿಗ್ರಿಯ ವಲಯಗಳನ್ನಾಗಿ ವಿಂಗಡಿಸಲಾಗಿದೆ. ರಾಜ್ಯದ ಬಹುಭಾಗ 43ನೇ ವಲಯದಲ್ಲಿದೆ. 78 ಡಿಗ್ರಿ ರೇಖಾಂಶ ದಾಟಿದರೆ 44ನೇ ವಲಯ. ಕೋಲಾರ, ಮುಳಬಾಗಿಲು, ಕೆಜಿಎಫ್ ಅಲ್ಲಿಗೆ ಸೇರುತ್ತವೆ. 44ನೇ ವಲಯದ ಕೋಲಾರದ ಕಡತವನ್ನು 43ನೇ ವಲಯದ್ದೆಂದು ಭಾವಿಸಿದರೆ ಚಿನ್ನದ ನಾಡು ಲಕ್ಷದ್ವೀಪದ ಉತ್ತರಕ್ಕೆ ಅರಬ್ಬಿ ಸಮುದ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಇದೂ ಕಣ್ಣಿಗೆ ಬೀಳುವ ತಪ್ಪೇ.

ಕಣ್ಣಿಗೆ ಬೀಳದಿರುವುದು ವಿಸ್ತೀರ್ಣದ ವ್ಯತ್ಯಾಸ. ದುಂಡನೆಯ ನೆಲವನ್ನು ಚಪ್ಪಟೆ ಮಾಡುವಾಗ ವಲಯದ ನಡುರೇಖೆಯಲ್ಲಿ ಅಳತೆ ತುಸು ಕುಗ್ಗುತ್ತದೆ, ಅಂಚಿನಲ್ಲಿ ಹಿಗ್ಗುತ್ತದೆ. 43ನೇ ವಲಯದ ನಡುರೇಖೆಯಾದ 75 ಡಿಗ್ರಿ ಧಾರವಾಡದ ಬಳಿಯೇ ಹಾದುಹೋಗುತ್ತದೆ. ಬೆಂಗಳೂರು ಅಂಚಿಗೆ ಹತ್ತಿರ. ಸಮುದ್ರಮಟ್ಟದಿಂದ ಎತ್ತರದ ಲೆಕ್ಕವನ್ನು ಬದಿಗಿಟ್ಟು ನೋಡಿದರೆ, ಒಂದು ಎಕರೆ ಜಮೀನು ಈ ನಕ್ಷೆಯ ಮೇಲೆ ಧಾರವಾಡದಲ್ಲಿ ಸುಮಾರು 35 ಚದರಡಿ ಕಡಿಮೆಯಾಗಿಯೂ, ಬೆಂಗಳೂರಿನಲ್ಲಿ ಸುಮಾರು 50 ಚದರಡಿ ಹೆಚ್ಚಾಗಿಯೂ ತೋರುತ್ತದೆ. ನೆಲ ಹಿಗ್ಗಿಲ್ಲ, ಕುಗ್ಗಿಲ್ಲ; ಲೆಕ್ಕ ಮಾತ್ರ. ಭೂಮಿಯ ದುಂಡುತನವನ್ನು ಗಣನೆಗೆ ತೆಗೆದುಕೊಂಡು ವಿಸ್ತೀರ್ಣ ಹೇಳುವ ಸೌಲಭ್ಯ ಪೈಪ್ರಾಜ್‌ನಲ್ಲಿಯೇ ಇದೆ. ಬಳಸಬೇಕಷ್ಟೆ.

ಚಿಹ್ನೆಯೊಂದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಯುರೋಪಿನ ಲಾಫೆನ್‌ಬರ್ಗ್ ಸೇತುವೆ ಸಾಕ್ಷಿ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ರೈನ್ ನದಿಯ ಎರಡೂ ದಡಗಳಿಂದ ಸೇತುವೆ ಕಟ್ಟುತ್ತ ಬಂದವು. ಎರಡೂ ದೇಶಗಳ ಸಮುದ್ರಮಟ್ಟದ ಲೆಕ್ಕಗಳ ನಡುವೆ 27 ಸೆಂಟಿಮೀಟರ್ ಅಂತರವಿದೆ ಎಂಬುದು ಎಂಜಿನಿಯರುಗಳಿಗೆ ತಿಳಿದೇ ಇತ್ತು. ಆದರೆ ತಿದ್ದುಪಡಿಯನ್ನು ಕೂಡುವ ಬದಲು ಕಳೆದ ಕಾರಣ ಅಂತರ ಇಮ್ಮಡಿಸಿ 54 ಸೆಂಟಿಮೀಟರ್ ಆಯಿತು. 2003–04ರ ಅವಧಿಯಲ್ಲಿ ಬೆಳಕಿಗೆ ಬಂದ ಈ ಪ್ರಮಾದವನ್ನು ನಿರ್ಮಾಣದ ಹಂತದಲ್ಲಿಯೇ ಸರಿಪಡಿಸಬೇಕಾಯಿತು. ನಿರ್ದೇಶಾಂಕ ಪರಿವರ್ತನೆಯಲ್ಲಿ ಬಳಕೆಯಾಗುವ ಏಳು ಸಂಖ್ಯೆಗಳ ವಿಸ್ತೃತ ಸೂತ್ರದಲ್ಲಿಯೂ ಇಂತಹದೇ ಅಪಾಯವಿದೆ: ತಿರುವಿನ ಕೋನಗಳ ಚಿಹ್ನೆಯ ಬಗ್ಗೆ ಜಗತ್ತಿನಲ್ಲಿ ಎರಡು ರೂಢಿಗಳಿವೆ. ಯಾವ ರೂಢಿ ಎಂದು ಸ್ಪಷ್ಟವಾಗಿ ಹೇಳದಿದ್ದರೆ ಪ್ರಾಜ್‌ನ ಹೊಸ ಆವೃತ್ತಿಗಳು ಲೆಕ್ಕ ಮಾಡಲು ಒಪ್ಪುವುದೇ ಇಲ್ಲ. ಇಂತಹ ಹಟ ಸ್ವಾಗತಾರ್ಹ.

ನಡೆಯುವ ನೆಲ

ಪರಿವರ್ತನೆ ಒಮ್ಮೆ ಮಾಡಿ ಮುಗಿಸುವ ಕೆಲಸವೂ ಅಲ್ಲ. ಭಾರತದ ಭೂಫಲಕ ಈಶಾನ್ಯದತ್ತ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿದೆ. ಇಪ್ಪತ್ತೈದು ವರ್ಷಗಳಲ್ಲಿ ಇದು ಒಂದೂಕಾಲು ಮೀಟರ್. ಅಕ್ಕಪಕ್ಕದ ಎರಡು ಮನೆಗಳು ಒಟ್ಟಿಗೇ ಸರಿಯುವುದರಿಂದ ಅವುಗಳ ನಡುವೆ ಜಗಳವಿಲ್ಲ. ಆದರೆ ಒಂದು ಮನೆಯನ್ನು ಹಿಂದೊಂದು ಕಾಲದಲ್ಲಿ, ಪಕ್ಕದ ಮನೆಯನ್ನು ಇಂದು ಉಪಗ್ರಹದ ಲೆಕ್ಕದಲ್ಲಿ ಅಳೆದು, ದಿನಾಂಕ ನೋಡದೆ ಒಂದೇ ನಕ್ಷೆಯಲ್ಲಿ ಇಟ್ಟರೆ ಒಂದರ ಗೋಡೆ ಇನ್ನೊಂದರ ಮೇಲೆ ಏರುತ್ತದೆ.

ಆಸ್ಟ್ರೇಲಿಯಾ ಇದನ್ನು ಮುಕ್ತವಾಗಿ ಒಪ್ಪಿಕೊಂಡಿತು. ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಚಲಿಸುವ ಆ ದೇಶ 1994ರ ತನ್ನ ಪದ್ಧತಿಯ ಜಾಗದಲ್ಲಿ 2020ರ ಪದ್ಧತಿಯನ್ನು ತಂದಾಗ ಎಲ್ಲ ನಿರ್ದೇಶಾಂಕಗಳೂ ಸುಮಾರು 1.8 ಮೀಟರ್ ಸರಿದವು. ಪರಿವರ್ತನೆಗೆ ಬೇಕಾದ ಕಡತಗಳನ್ನು ಸಾರ್ವಜನಿಕರಿಗೆ ಉಚಿತವಾಗಿ ಒದಗಿಸಲಾಯಿತು. ಬ್ರಿಟನ್ನಿನ ನಕ್ಷಾ ಸಂಸ್ಥೆಯೂ ದೇಶದ ಉದ್ದಗಲಕ್ಕೆ ಯಾವ ಸ್ಥಳದಲ್ಲಿ ಎಷ್ಟು ಸರಿಸಬೇಕೆಂದು ತಿಳಿಸುವ ತಿದ್ದುಪಡಿ ಜಾಲವನ್ನು ಪ್ರಕಟಿಸಿದೆ. ಅದರ ನಿಖರತೆ ಹತ್ತಾರು ಮೀಟರ್ ಅಲ್ಲ, ಸುಮಾರು 10 ಸೆಂಟಿಮೀಟರ್. ಇವೆರಡನ್ನೂ ಪ್ರಾಜ್ ನೇರವಾಗಿ ಓದಬಲ್ಲದು.

ಭಾರತದಲ್ಲಿಯೂ ಬಾಗಿಲು ತೆರೆಯುತ್ತಿದೆ. 2021ರ ಫೆಬ್ರುವರಿ 15ರ ಮಾರ್ಗಸೂಚಿ ಭಾರತೀಯ ಸಂಸ್ಥೆಗಳಿಗೆ ನಕ್ಷೆ ತಯಾರಿಕೆಯ ಪೂರ್ವಾನುಮತಿಯ ಬೇಡಿ ಕಳಚಿತು. 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಅದನ್ನು ಮುಂದುವರಿಸಿತು. ಭಾರತೀಯ ಸರ್ವೇಕ್ಷಣಾ ಇಲಾಖೆ ಸ್ಥಾಪಿಸಿರುವ, ನಿರಂತರವಾಗಿ ಉಪಗ್ರಹ ಸಂಕೇತ ದಾಖಲಿಸುವ ನೆಲೆಗಳ ಜಾಲದ ನೆರವಿನಿಂದ ಹೊಸ ಸರ್ವೆಗಳು ಕೆಲವೇ ಸೆಂಟಿಮೀಟರ್ ನಿಖರತೆ ಸಾಧಿಸಬಲ್ಲವು. ಆದ್ದರಿಂದ ಹೊಸದಾಗಿ ಅಳೆದ ನಿವೇಶನಕ್ಕೆ ಎವರೆಸ್ಟ್ ಕಾಲದ ದೋಷ ಅಂಟುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ತೊಡಕು ಇರುವುದು ಹೊಸದನ್ನು ಹಳೆಯದರ ಜತೆ ಬೆಸೆಯುವಲ್ಲಿ.

ಬಾಂದು ಕಲ್ಲಿನಿಂದ ಹದಿನಾಲ್ಕು ಅಂಕಿಗೆ

ಹಳ್ಳಿಗಳ ಟಿಪ್ಪಣಿ ಮತ್ತು ಗ್ರಾಮನಕ್ಷೆಗಳ ಸ್ಥಿತಿ ಇನ್ನೂ ಭಿನ್ನ. 33 ಅಡಿಯ ಸರಪಳಿಯಿಂದ ಅಳೆದ ಆ ದಾಖಲೆಗಳಲ್ಲಿ ಅಕ್ಷಾಂಶ ರೇಖಾಂಶಗಳೇ ಇಲ್ಲ. ನೆಲದ ಮೇಲೆ ಉಳಿದಿರುವ ಬಾಂದು ಕಲ್ಲುಗಳನ್ನು, ಮೂರು ಗ್ರಾಮಗಳ ಗಡಿ ಕೂಡುವ ಕಲ್ಲುಗಳನ್ನು ಗುರುತಿಸಿ, ಅವುಗಳ ಆಧಾರದಲ್ಲಿ ಕಾಗದವನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸಬೇಕು. ಬೆಂಗಳೂರಿನ ಅನೇಕ ಬಡಾವಣೆಗಳು ಇಂತಹ ಗ್ರಾಮನಕ್ಷೆಗಳ ಮೇಲೆಯೇ ಎದ್ದುನಿಂತಿವೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ರಾಜ್ಯದ ‘ದಿಶಾಂಕ್’ ಆ್ಯಪ್ ಬಳಸಿದವರು ಚುಕ್ಕೆ ಪಕ್ಕದ ನಂಬರಿನಲ್ಲಿ ಕುಳಿತದ್ದನ್ನು ಕಂಡು ಗಾಬರಿಯಾಗುವುದುಂಟು. ಫೋನಿನ ಜಿಪಿಎಸ್ ತಾನೇ ಹಲವು ಮೀಟರ್ ತಪ್ಪಬಲ್ಲದು. ಅದಕ್ಕೆ ಹೊಂದಾಣಿಕೆಯ ದೋಷ ಸೇರುತ್ತದೆ. ಅದು ಮಾಹಿತಿಗೆ ಸಾಕು, ಪುರಾವೆಗೆ ಸಾಲದು.

ಗಡಿ ತಕರಾರು ಬಂದಾಗ ಸರ್ವೇಯರ್ ಸ್ಥಳಕ್ಕೆ ಬಂದು ಕಲ್ಲು ನೋಡಿಯೇ ತೀರ್ಮಾನಿಸುತ್ತಾರೆ, ಪರದೆಯ ಮೇಲಿನ ಅಂಕಿಗೆ ಏಕೆ ತಲೆ ಕೆಡಿಸಿಕೊಳ್ಳಬೇಕು ಎಂಬ ವಾದವಿದೆ. ಈವರೆಗೆ ಅದರಲ್ಲಿ ಹುರುಳಿತ್ತು. ಆದರೆ ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ‘ಭೂ ಆಧಾರ್’ ಯೋಜನೆಯಲ್ಲಿ ಪ್ರತಿ ಜಮೀನಿಗೆ ನೀಡುವ 14 ಅಂಕಿ ಅಕ್ಷರಗಳ ಗುರುತು ಆ ಜಮೀನಿನ ಮೂಲೆಗಳ ನಿರ್ದೇಶಾಂಕಗಳನ್ನೇ ಆಧರಿಸಿದೆ. ಇದುವರೆಗೆ ಕಲ್ಲು ಮೂಲ, ಅಂಕಿ ನೆರಳು. ಇನ್ನು ಮುಂದೆ ಅಂಕಿಯೇ ಮೂಲವಾಗುವ ಲಕ್ಷಣಗಳಿವೆ. ಆ ಅಂಕಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಆದ್ದರಿಂದಲೇ ತುರ್ತಿನದ್ದು.

ಆಗಬೇಕಾದದ್ದೇನು?

ಪರಿಹಾರಗಳು ದುಬಾರಿಯಲ್ಲ. ಮೊದಲನೆಯದಾಗಿ, ಸರ್ಕಾರಿ ನಕ್ಷೆಯ ಪ್ರತಿಯೊಂದು ಕಡತದಲ್ಲಿಯೂ ಬಳಸಿದ ಪರಿವರ್ತನಾ ಸೂತ್ರ, ಅದರ ನಿಖರತೆ ಮತ್ತು ಅಳತೆಯ ದಿನಾಂಕ ದಾಖಲಾಗಬೇಕು. ಈ ಮಾಹಿತಿಯನ್ನು ತಾನಾಗಿಯೇ ಬರೆದಿಡುವಂತೆ ಪೈಥಾನ್ ಆದೇಶವನ್ನು ವಿಸ್ತರಿಸಲು ಬೇಕಾಗುವುದು ಕೆಲವೇ ಹೆಚ್ಚುವರಿ ಸಾಲುಗಳು. ಎರಡನೆಯದಾಗಿ, ನೆಲದ ಮೇಲೆ ನಿಖರವಾಗಿ ಅಳೆದ ಕಲ್ಲುಗಳ ಪಟ್ಟಿಯ ಜತೆ ಪರಿವರ್ತಿತ ಬಿಂದುಗಳನ್ನು ಹೋಲಿಸಿ, ವ್ಯತ್ಯಾಸ ಮಿತಿ ಮೀರಿದರೆ ಕಡತ ಹೊರಬರದಂತೆ ತಡೆಯಬೇಕು. ಮೂರನೆಯದಾಗಿ, ಗುತ್ತಿಗೆದಾರರು ಬರೆದ ಆದೇಶಗಳು ಅವರೊಂದಿಗೇ ಹೋಗದಂತೆ, ಬಳಸಿದ ತಂತ್ರಾಂಶದ ಆವೃತ್ತಿಯ ಸಮೇತ ಇಲಾಖೆಯಲ್ಲಿ ಉಳಿಯಬೇಕು.

ನಾಲ್ಕನೆಯದು ದೆಹಲಿ ಮತ್ತು ಡೆಹ್ರಾಡೂನ್ ಮಾಡಬೇಕಾದ ಕೆಲಸ. ಎವರೆಸ್ಟ್ ಮಾದರಿಯಿಂದ ಹೊಸ ಮಾದರಿಗೆ ಪ್ರದೇಶವಾರು ತಿದ್ದುಪಡಿ ಜಾಲವನ್ನು ಬ್ರಿಟನ್ನಿನ ಮಾದರಿಯಲ್ಲಿ ಸಾರ್ವಜನಿಕವಾಗಿ ಪ್ರಕಟಿಸಿದರೆ, ಪರದೇಶದ ಸಂಸ್ಥೆ ನೀಡಿದ ಮೂರು ಸಂಖ್ಯೆಗಳ ಸರಾಸರಿಗೆ ಜೋತುಬೀಳುವ ಅಗತ್ಯ ಯಾರಿಗೂ ಇರುವುದಿಲ್ಲ. ಕೊನೆಯದಾಗಿ, ಸರ್ವೇಯರುಗಳ ತರಬೇತಿಯಲ್ಲಿ ಪೈಥಾನ್‌ಗೂ ಒಂದು ಪಾಠ ಮೀಸಲಾಗಬೇಕು. ನೆಲ ಬಲ್ಲವರೇ ಆದೇಶ ಬರೆದರೆ ಏನನ್ನು ಕೇಳಬೇಕೆಂಬುದು ಅವರಿಗೆ ತಿಳಿದಿರುತ್ತದೆ.

ಎರಡು ಶತಮಾನಗಳ ಹಿಂದೆ ಸರ್ವೇಕ್ಷಣೆಯ ಅಧಿಕಾರಿಗಳು ಉಕ್ಕಿನ ಸರಪಳಿ ಬಿಸಿಲಿಗೆ ಎಷ್ಟು ಹಿಗ್ಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ತಮ್ಮ ಅಳತೆಯ ದೋಷವನ್ನು ಬರೆದಿಡುವುದು ಅವರಿಗೆ ವೃತ್ತಿಧರ್ಮದ ಭಾಗವಾಗಿತ್ತು. ಕ್ಷಣಾರ್ಧದಲ್ಲಿ ಲಕ್ಷ ಬಿಂದುಗಳನ್ನು ಸರಿಸುವ ಯಂತ್ರ ಕೈಗೆ ಬಂದ ಈ ಕಾಲದಲ್ಲಿ ಆ ಶಿಸ್ತನ್ನು ಬಿಟ್ಟುಕೊಟ್ಟರೆ, ಅದರ ಬೆಲೆ ತೆರುವವನು ಸಾಲ ಮಾಡಿ ನಿವೇಶನ ಕೊಂಡ ಸಾಮಾನ್ಯ ನಾಗರಿಕ.